ಕೈ ಆಡಿದರೆ ಓಡುವ ವಾಚು

ಗಂಡಸರು ದುಬಾರಿ ವಾಚು ಕೊಳ್ಳಬೇಕೋ ಬೇಡವೋ ಎಂದು ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ. ಗಂಡಸರ ವಾಚಿನ ವಿಷಯದಲ್ಲಿ ಹೆಂಗಸರ ಅಭಿಪ್ರಾಯ ಕೇಳುವ ರೂಢಿ ಇಲ್ಲ. ಆದರೆ ನಮ್ಮನೆಯವರ ವಾಚು ಅವರ ಕೈಯಲ್ಲಿ ಓಡಿದ್ದಕ್ಕಿಂತ ನನ್ನ ಕೈಯಲ್ಲಿ ಓಡಿದ್ದೇ ಹೆಚ್ಚು. ಹಾಗಾಗಿ ಕೇಳದಿದ್ದರೂ ಹೇಳುತ್ತೇನೆ.

ನಮ್ಮನೆಯವರು ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿಯಲ್ಲಿ ಮ್ಯಾನೇಜರು. ಎಲ್ಲಿ ಲಿಫ್ಟು ಕೆಟ್ಟಿತೋ ಅಲ್ಲಿಗೆ ಮೆಕ್ಯಾನಿಕ್ ಕಳಿಸುವುದು ಅವರ ಕೆಲಸ. ಕಳಿಸುವುದು ಎಂದರೆ ಫೋನಿನಲ್ಲಿ "ಹೋಗಪ್ಪಾ" ಎನ್ನುವುದು. ಮೊದಲು ಫೋನು ಹಿಡಿಯುವುದಕ್ಕಾದರೂ ಕೈ ಎತ್ತಬೇಕಿತ್ತು, ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರ ಬಂದ ಮೇಲೆ ಅದೂ ತಪ್ಪಿತು. ಮನೆಯಲ್ಲಂತೂ ಇಲ್ಲಿರುವ ಕಡ್ಡಿ ಎತ್ತಿ ಅಲ್ಲಿಡುವವರಲ್ಲ. ಹಾಗೆಂದು ಕೆಟ್ಟವರಲ್ಲ. ನನಗೆ ಜ್ವರ ಬಂದರೆ ಕೂತಲ್ಲಿಂದಲೇ ಗಾಬರಿಯಾಗುತ್ತಾರೆ.

ನನ್ನದು ಪರದೆ ಹೊಲಿಯುವ ಅಂಗಡಿ. ಮನೆಯ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ಸೈಕಲ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಉದ್ದನೆಯ ಒಂದು ಕೋಣೆ. ಎರಡು ಹೊಲಿಗೆ ಮಷಿನು, ಗೋಡೆಯುದ್ದಕ್ಕೂ ಒಂದು ಇಸ್ತ್ರಿ ಮೇಜು, ಮೂಲೆಯಲ್ಲಿ ಒರಗಿಸಿಟ್ಟ ಬಟ್ಟೆಯ ಥಾನುಗಳು. ಮದುವೆಯಾದ ಹೊಸತರಲ್ಲಿ ಒಂದು ಹಳೇ ಮಷಿನಿನಿಂದ ಶುರುಮಾಡಿದ್ದು. ಮನೆಯಲ್ಲಿ ಇದನ್ನು "ಅವಳ ಟೈಂಪಾಸು" ಎಂದು ಕರೆಯುತ್ತಾರೆ. ಮಗಳ ಕಾಲೇಜು ನಡೆಯುತ್ತಿರುವುದು ಆ ಟೈಂಪಾಸಿನಿಂದಲೇ ಎಂದು ನಾನು ಆಗಾಗ ನೆನಪಿಸುತ್ತೇನೆ, ಅವರು ಆಗಾಗ ಮರೆಯುತ್ತಾರೆ.

ವಾಚಿನ ಹುಚ್ಚು ನಮ್ಮನೆಯವರದಲ್ಲ. ಅದು ಕಂಪನಿಯ ಯಜಮಾನರದು. ಆಫೀಸಿನಲ್ಲಿ ಎಲ್ಲರೂ ಅವರನ್ನು ದೊಡ್ಡೋರು ಎನ್ನುತ್ತಾರೆ, ಆಳು ನೋಡಿದರೆ ಮೇಜಿನ ಮಟ್ಟಕ್ಕೆ ಇದ್ದಾರೆ. ದೊಡ್ಡೋರು ಆಫೀಸಿಗೆ ಬರುವುದು ಸೋಮವಾರ ಮಾತ್ರ. ಬಂದವರು ಮೀಟಿಂಗಿನ ಮೇಜಿನ ಮೇಲೆ ಎಡಗೈ ಇಟ್ಟು, ಅಂಗಿಯ ತೋಳು ಸರಿಸಿ, ತಮ್ಮ ವಾಚು ನೋಡಿ ಹೊತ್ತು ಹೇಳುತ್ತಾರೆ. ಆಮೇಲೆ ಸುತ್ತ ಕೂತ ಮ್ಯಾನೇಜರುಗಳೆಲ್ಲ ಒಬ್ಬೊಬ್ಬರಾಗಿ ಕೈಯಿಟ್ಟು ತಮ್ಮ ತಮ್ಮ ವಾಚಿನ ಹೊತ್ತು ಹೇಳಬೇಕು. ಆ ಕೋಣೆಗೆ ಫೋನು ತರುವ ಹಾಗಿಲ್ಲ. ಗೋಡೆ ಗಡಿಯಾರ ಬ್ಯಾಟರಿಯದೆಂದು ಎಂದೋ ತೆಗೆಸಿಹಾಕಿದ್ದಾರೆ.

"ಬ್ಯಾಟರಿ ವಾಚು ಹೆಣದ ಕೈಗೆ ಕಟ್ಟಿದ್ರೂ ಓಡುತ್ತೆ," ಎನ್ನುವುದು ದೊಡ್ಡೋರ ಸಿದ್ಧಾಂತ. "ಕೈ ಆಡಿದ್ರೆ ಮಾತ್ರ ಓಡೋ ವಾಚು ಕಟ್ಕೊಳ್ಳಿ. ಅದು ನಿಂತಿಲ್ಲ ಅಂದ್ರೆ ಆ ಮನುಷ್ಯ ನಿಂತಿಲ್ಲ ಅಂತ ಅರ್ಥ. ನಾನು ಮನುಷ್ಯನ ಯೋಗ್ಯತೆ ಅಳೆಯೋದೇ ಹೀಗೆ."

ಇದನ್ನು ನಮ್ಮನೆಯವರು ಮನೆಗೆ ಬಂದು ಹೇಳಿದಾಗ ನಾನು ನಕ್ಕೆ. ಅವರು ನಗಲಿಲ್ಲ. ಆಫೀಸಿನಲ್ಲಿ ಒಂದು ದೊಡ್ಡ ಹುದ್ದೆ ಖಾಲಿಯಾಗಲಿತ್ತು. ದೊಡ್ಡೋರ ಸಿದ್ಧಾಂತವನ್ನು ನಂಬದವರಿಗೆ ಆ ಹುದ್ದೆ ಸಿಗುವುದಿಲ್ಲ ಎಂಬುದು ಮೆಕ್ಯಾನಿಕುಗಳಿಗೂ ಗೊತ್ತಿತ್ತು.

ಅಲ್ಲಿಂದ ಊಟದ ಮೇಜಿನಲ್ಲಿ ವಾಚಿನದೇ ಮಾತು. ಪಲ್ಯ ಬಡಿಸುತ್ತಿದ್ದರೆ ಮುಳ್ಳಿನ ಮಾತು, ತಟ್ಟೆ ತೆಗೆಯುತ್ತಿದ್ದರೆ ಗಾಜಿನ ಮಾತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಹೊತ್ತು ಫೋನಲ್ಲೇ ಕಾಣುತ್ತಲ್ರೀ?"

"ಹೊತ್ತು ನೋಡೋಕೆ ಯಾರೇ ವಾಚು ಕಟ್ತಾರೆ?" ಎಂದು ಅವರು ನನ್ನನ್ನೇ ಪೆದ್ದಿ ಮಾಡಿದರು. "ನಿಮಗೆ ಬಳೆ, ಸರ, ಓಲೆ, ಎಷ್ಟಿದೆ. ಗಂಡಸಿಗೆ ಇರೋದೇ ಒಂದು ಒಡವೆ."

"ಹಾಗಾದ್ರೆ ಕಿವಿ ಚುಚ್ಚಿಸ್ಕೋ, ಅಗ್ಗದಲ್ಲಿ ಮುಗಿಯುತ್ತೆ," ಎಂದರು ಅತ್ತೆ. ಅತ್ತೆಗೆ ಮಗನ ಮೇಲೆ ಪ್ರೀತಿ ಬಹಳ, ಭ್ರಮೆ ಇಲ್ಲ.

ವಾಚಿನ ಅಂಗಡಿಗೆ ಅವರ ಜತೆ ನಾನೂ ಮಗಳೂ ಹೋಗಿದ್ದೆವು. ಒಳಗೆ ಎಷ್ಟು ತಂಪು, ಎಷ್ಟು ಮೌನ ಎಂದರೆ ಯಾರನ್ನೋ ಮಲಗಿಸಿದ್ದಾರೆ ಎನ್ನಿಸುತ್ತಿತ್ತು. ಮಾರುವ ಹುಡುಗ ಬಿಳಿ ಕೈಗವಸು ತೊಟ್ಟು, ವಾಚನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ತಂದ.

"ಸರ್, ಇದನ್ನ ನೀವು ನಿಮಗೋಸ್ಕರ ತಗೊಳ್ತಾ ಇಲ್ಲ," ಎಂದ. "ನಿಮ್ಮ ಮಗನಿಗೋಸ್ಕರ ಜೋಪಾನ ಮಾಡ್ತಾ ಇದ್ದೀರಿ."

"ನಮಗಿರೋಳು ಮಗಳು," ಎಂದೆ.

ಅವನು ಒಂದು ಕ್ಷಣವೂ ತಡವರಿಸಲಿಲ್ಲ. "ಅಳಿಯನಿಗಾಗುತ್ತೆ ಮೇಡಂ," ಎಂದ.

ಪಕ್ಕದಲ್ಲಿ ನಿಂತಿದ್ದ ಮಗಳು, "ಅಳಿಯ ಸಿಕ್ಕಿದ ಮೇಲೆ ಅವನ ಹತ್ರಾನೇ ಅರ್ಧ ದುಡ್ಡು ಇಸ್ಕೊಳ್ಳಿ ಅಪ್ಪಾ," ಎಂದು ಹೊರಗೆ ಹೋಗಿ ನಿಂತಳು. ಬೆಲೆ ಎಷ್ಟೆಂದು ನಾನು ಇಲ್ಲಿ ಹೇಳಲಾರೆ, ನನಗೇ ಹೇಳಿಲ್ಲ. ಬಿಲ್ಲು ಕೊಡುವಾಗ ನಮ್ಮನೆಯವರು ನನಗೆ ಬೆನ್ನು ಮಾಡಿ ನಿಂತಿದ್ದರು.

ಮೊದಲ ದಿನ ವಾಚು ಓಡಿತು. ಎರಡನೆಯ ದಿನವೂ ಓಡಿತು. ಅದಾದ ಮೇಲೆ ಬೆಳಿಗ್ಗೆ ಕಾಫಿ ಕುಡಿಯುತ್ತ ನೋಡಿದರೆ ಮುಳ್ಳು ಮೂರು ಗಂಟೆಗೆ ನಿಂತಿದೆ. ಅವರು ಅದನ್ನು ಅಲ್ಲಾಡಿಸಿದರು, ಓಡಿತು. ಮರುದಿನ ಮತ್ತೆ ನಿಂತಿತು. ನಮ್ಮನೆಯವರ ಮುಖ ಹುಳ್ಳಗಾಯಿತು. ಮೋಸ ಹೋದೆ ಎಂದು ಹಾರಾಡಿ, ನನ್ನನ್ನೂ ಎಳೆದುಕೊಂಡು ಮತ್ತೆ ಆ ತಂಪು ಅಂಗಡಿಗೆ ಹೋದರು.

ಬಿಳಿ ಕೈಗವಸಿನ ಹುಡುಗ ವಾಚನ್ನು ಒಳಗೆ ಒಯ್ದು ಪರೀಕ್ಷೆ ಮಾಡಿಸಿ ತಂದ. "ವಾಚು ಚೆನ್ನಾಗಿದೆ ಸರ್. ಇದಕ್ಕೆ ಬ್ಯಾಟರಿ ಇಲ್ಲ, ಕೀ ಕೊಡೋದೂ ಇಲ್ಲ. ಕಟ್ಟಿಕೊಂಡವರ ಕೈ ಆಡಿದ್ರೆ ಒಳಗಿನ ಸ್ಪ್ರಿಂಗು ತಾನೇ ಸುತ್ತಿಕೊಳ್ಳುತ್ತೆ." ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ, "ಸರ್, ತಮ್ಮ ಕೆಲಸ ಏನು?"

"ಮ್ಯಾನೇಜರ್."

ಹುಡುಗ ತಲೆ ತಗ್ಗಿಸಿದ. "ಮ್ಯಾನೇಜರುಗಳಿಗೆ ಸ್ವಲ್ಪ ಈ ತೊಂದರೆ ಇರುತ್ತೆ ಸರ್," ಎಂದ. ಅದಕ್ಕೂ ಅವರ ಹತ್ತಿರ ಔಷಧಿ ಇತ್ತು. ಒಂದು ಪುಟ್ಟ ಪೆಟ್ಟಿಗೆ. ವಾಚನ್ನು ಒಳಗಿಟ್ಟು ಗುಂಡಿ ಒತ್ತಿದರೆ ಪೆಟ್ಟಿಗೆ ಅದನ್ನು ಮೆಲ್ಲಗೆ ತಿರುಗಿಸುತ್ತಾ ಇರುತ್ತದೆ. ವಾಚಿನ ಯಜಮಾನರು ಮಾಡದ ಕೆಲಸವನ್ನು ಯಜಮಾನರ ಪರವಾಗಿ ಪೆಟ್ಟಿಗೆ ಮಾಡುತ್ತದೆ. ಅದರ ಬೆಲೆ ಕೇಳಿದಾಗ ಮಾತ್ರ ನಮ್ಮನೆಯವರು ಬೆನ್ನು ಮಾಡಲು ಮರೆತರು. ನನ್ನ ಹೊಟ್ಟೆ ಉರಿದುಹೋಯಿತು.

"ಕೊಡಿ ಇಲ್ಲಿ," ಎಂದು ವಾಚು ಕಿತ್ತುಕೊಂಡು ನನ್ನ ಬಲಗೈಗೆ ಕಟ್ಟಿಕೊಂಡೆ. "ನನ್ನ ಕೈ ದಿನವಿಡೀ ಆಡ್ತಾನೇ ಇರುತ್ತೆ. ಬಿಟ್ಟಿ."

ಪಟ್ಟಿ ದೊಡ್ಡದಾಗಿತ್ತು. ಅಂಗಡಿಗೆ ಬಂದು, ಪರದೆಗೆ ರಿಂಗು ಹಾಕುವ ಉಳಿಯಿಂದ ಇನ್ನೊಂದು ತೂತು ಕೊರೆದೆ. ಆಗ ನಮ್ಮನೆಯವರು ಮಾಡಿದ ಸದ್ದು ನಮ್ಮ ಮದುವೆಯಲ್ಲೂ ನಾನು ಕೇಳಿರಲಿಲ್ಲ, ಹೆರಿಗೆಯಲ್ಲೂ ಕೇಳಿರಲಿಲ್ಲ.

ಹೀಗೆ ಒಪ್ಪಂದವಾಯಿತು. ಸೋಮವಾರ ವಾಚು ಅವರ ಕೈಯಲ್ಲಿ, ಉಳಿದ ದಿನ ನನ್ನ ಕೈಯಲ್ಲಿ. ಇಸ್ತ್ರಿ ಪೆಟ್ಟಿಗೆ ಮೇಜಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುವಾಗ, ಥಾನು ಬಿಚ್ಚಿ ಮಾರು ಹಾಕುವಾಗ, ನೆರಿಗೆ ಹಿಡಿದು ಪಿನ್ನು ಚುಚ್ಚುವಾಗ ವಾಚಿಗೆ ಬಿಡುವೇ ಇರಲಿಲ್ಲ. ಸೋಮವಾರ ಅದು ಒಂದು ನಿಮಿಷ ಆಚೀಚೆ ಆಗದೆ ಮೀಟಿಂಗಿಗೆ ಹೋಗುತ್ತಿತ್ತು. ದೊಡ್ಡೋರು ಅದನ್ನು ನೋಡಿ, "ಪರವಾಗಿಲ್ವೇ, ನೀವು ಕೈ ಕಟ್ಟಿ ಕೂರೋ ಮನುಷ್ಯ ಅಲ್ಲ," ಎಂದರಂತೆ. ನಮ್ಮನೆಯವರು ಈ ಮಾತನ್ನು ಸೋಫಾದ ಮೇಲೆ ಕಾಲು ಚಾಚಿ, ಕೈ ಕಟ್ಟಿ ಕೂತು ನನಗೆ ಹೇಳಿದರು.

ನಾನೂ ಸಾಚಾ ಅಲ್ಲ. ಆ ವಾಚು ಕಟ್ಟಿಕೊಂಡು ಕೂತರೆ ನನಗೂ ಒಂದು ಗತ್ತು ಬರುತ್ತಿತ್ತು. ಗಿರಾಕಿಗಳು ಅಳತೆ ಟೇಪಿನ ಜತೆಗೆ ವಾಚನ್ನೂ ನೋಡುತ್ತಿದ್ದರು. ಚೌಕಾಸಿಗೆ ಬಾಯಿ ತೆರೆದವರು ಮುಚ್ಚಿಕೊಳ್ಳುತ್ತಿದ್ದರು. "ಹೊಲಿಗೆಯಮ್ಮ" ಆಗಿದ್ದವಳು "ಮೇಡಂ" ಆದೆ. ಸ್ಟೇಷನ್ನಿನ ಹತ್ತಿರ ಹೊಸದಾಗಿ ತೆರೆಯಲಿದ್ದ ಹೋಟೆಲಿನವರು ಬಂದು, ನನ್ನ ಹೊಲಿಗೆಯನ್ನು ಒಂದು ಸಲ ನೋಡಿ, ನನ್ನ ಮಣಿಕಟ್ಟನ್ನು ಮೂರು ಸಲ ನೋಡಿ, ಎಲ್ಲ ಕೋಣೆಗಳ ಪರದೆಯನ್ನೂ ನನಗೇ ಒಪ್ಪಿಸಿ ಹೋದರು. ಅಷ್ಟು ದೊಡ್ಡ ಕೆಲಸ ಅಂಗಡಿ ತೆರೆದಾಗಿನಿಂದ ಬಂದಿರಲಿಲ್ಲ. ಆ ದಿನ ನಾನು ವಾಚಿಗೆ ಮನಸ್ಸಿನಲ್ಲೇ ಮುತ್ತು ಕೊಟ್ಟೆ.

ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಒಂದು ಮಧ್ಯಾಹ್ನ ಸ್ಟೋರಿನವರ ಹೆಂಡತಿ ಅಂಗಡಿಗೆ ಬಂದಳು. ಸ್ಟೋರಿನವರು ಎಂದರೆ ನಮ್ಮನೆಯವರ ಕಂಪನಿಯಲ್ಲಿ ಬಿಡಿಭಾಗಗಳ ಕೋಣೆ ನೋಡಿಕೊಳ್ಳುವ ಮ್ಯಾನೇಜರು. ಆ ಹುದ್ದೆಯ ಮೇಲೆ ಅವರಿಗೂ ಕಣ್ಣಿತ್ತು. ಅವಳು ಅಡುಗೆಮನೆ ಪರದೆಗೆ ಬಟ್ಟೆ ನೋಡುತ್ತಿದ್ದವಳು ನನ್ನ ಕೈ ನೋಡಿ ಗಕ್ಕನೆ ನಿಂತಳು. ಆಮೇಲೆ ಇಬ್ಬರೂ ನಕ್ಕೂ ನಕ್ಕೂ ಸುಸ್ತಾದೆವು.

"ಅಯ್ಯೋ ಅಕ್ಕ, ನಮ್ಮನೇಲಿ ನಾಯಿಗೆ ಕಟ್ತಾರೆ!" ಎಂದಳು. "ಕೊರಳ ಪಟ್ಟಿಗೆ ಸಿಕ್ಕಿಸಿ ಬಿಟ್ಟರೆ ಆಯ್ತು, ಅದು ಅಂಗಳದಲ್ಲಿ ಓಡಾಡ್ತಾ ಇರುತ್ತೆ. ಅಕೌಂಟ್ಸಿನವರು ಫ್ಯಾನಿನ ರೆಕ್ಕೆಗೆ ಕಟ್ಟಿ, ಅದು ಹಾರಿ ಹೋಗಿ ಕನ್ನಡಿ ಒಡೀತಂತೆ."

ನಗು ನಿಂತ ಮೇಲೆ ಅವಳು ಬಟ್ಟೆ ಸವರುತ್ತಾ ಕೇಳಿದಳು, "ಅಲ್ಲಕ್ಕ, ನಿಮ್ಮವರಿಗೇ ಆ ಕೆಲಸ ಸಿಕ್ಕಿದ್ರೆ ಅಂಗಡಿ ಏನು ಮಾಡ್ತೀರಿ? ಯಾರಿಗಾದ್ರೂ ಮಾರಿಬಿಡ್ತೀರಾ?"

"ಯಾಕೆ ಮಾರ್ಲಿ?"

"ಆ ಹುದ್ದೆ ಇರೋದು ಇಲ್ಲಿ ಅಲ್ವಲ್ಲ. ಹೊಸ ಶಾಖೇಲಿ. ಇಡೀ ದಿನದ ರೈಲು ಪ್ರಯಾಣ. ನಿಮಗೆ ಹೇಳಿಲ್ವಾ?"

ಅವಳ ಕಿಟಕಿಯ ಅಳತೆಯನ್ನು ಎರಡು ಸಲ ತಪ್ಪು ಬರೆದುಕೊಂಡೆ. ಅವಳು ಹೋದ ಮೇಲೆ ಮಷಿನಿನ ಮುಂದೆ ಕೂತೆ. ಕೈಯಲ್ಲಿ ವಾಚು ಟಿಕ್ ಟಿಕ್ ಎನ್ನುತ್ತಿತ್ತು. ವಾರಗಟ್ಟಲೆ ನನ್ನ ತೋಳಿನ ಕಸುವು ಕೊಟ್ಟು, ನನ್ನ ಅಂಗಡಿಗೆ ನಾನೇ ಬೀಗ ಮಾಡಿಸುತ್ತಿದ್ದೆ. ದುಃಖಕ್ಕಿಂತ ಮೊದಲು ಸಿಟ್ಟು ಬಂತು.

ಸಂಜೆ ಅವರು ಬಂದಾಗ ವಾಚನ್ನು ಬಿಚ್ಚಿ ಅವರ ಮುಂದಿಟ್ಟೆ. "ಊರು ಬಿಡಬೇಕು ಅಂತ ಯಾವಾಗ ಹೇಳೋರಿದ್ರಿ? ರೈಲು ಹತ್ತಿಸಿದ ಮೇಲಾ?"

"ಸಿಗಲಿ ಮೊದಲು, ಆಮೇಲೆ ಹೇಳೋಣ ಅಂತಿದ್ದೆ," ಎಂದರು. ಮುಖ ಮಾತ್ರ ಕಳ್ಳನದು.

"ನನ್ನ ಅಂಗಡಿ?"

"ಅಲ್ಲೂ ಮನೆಗಳಿಗೆ ಕಿಟಕಿ ಇರುತ್ತೆ ಕಣೇ," ಎಂದರು. "ಎಲ್ಲಾದ್ರೂ ಒಂದು ಮೂಲೇಲಿ ಮಷಿನು ಹಾಕ್ಕೊಂಡ್ರಾಯ್ತು. ಇಲ್ಲಿದನ್ನ ಮುಚ್ಚಿಬಿಡು. ಅದರಲ್ಲೇನಿದೆ?"

ಅತ್ತೆ ಕೂಡ ಟೀವಿಯ ಸದ್ದು ತಗ್ಗಿಸಿದರು. ಅದರಲ್ಲೇನಿದೆ ಎಂದು ಹೇಳಲು ಬಾಯಿ ತೆರೆದರೆ ಅಳು ಬರುವ ಹಾಗಿತ್ತು. ಅಳುವುದು ನನಗೆ ಆಗದು. ಹಾಗಾಗಿ ಜಗಳದ ದನಿಯಲ್ಲೇ ಹೇಳಿದೆ, "ಸರಿ. ಇನ್ನು ಮೇಲೆ ನಾನು ಈ ವಾಚು ಮುಟ್ಟಲ್ಲ. ನಿಮ್ಮ ಹುದ್ದೆಗೆ ನಿಮ್ಮ ಕೈಯನ್ನೇ ಆಡಿಸ್ಕೊಳ್ಳಿ."

ನಮ್ಮನೆಯವರ ಬಣ್ಣ ಇಳಿಯಿತು. ಮರುದಿನದಿಂದ ಆಫೀಸಿಗೆ ಸಾಲು ರಜೆ. ರಜೆ ಮುಗಿದ ಸೋಮವಾರವೇ ದೊಡ್ಡೋರು ಮೀಟಿಂಗಿನಲ್ಲಿ ಹೆಸರು ಹೇಳುವವರಿದ್ದರು. ರಜೆಯೆಂದರೆ ನಮ್ಮನೆಯವರಿಗೆ ಸೋಫಾ. ಸೋಫಾದಲ್ಲಿ ವಾಚಿಗೆ ಆಯುಸ್ಸು ಒಂದೂವರೆ ದಿನ.

ಮೊದಲು ಅವರು ಮಗಳ ಹತ್ತಿರ ಹೋದರು. ಅವಳು ದಿನಾ ಸಂಜೆ ಶಟಲ್ ಆಡುತ್ತಾಳೆ. "ಅಳಿಯಂದನ್ನ ನಾನ್ಯಾಕೆ ಮುಟ್ಲಿ?" ಎಂದು ಅವಳು ಬ್ಯಾಟು ಎತ್ತಿಕೊಂಡು ಹೊರಟುಹೋದಳು. ಆಮೇಲೆ ಅತ್ತೆಯ ಕೈಗೆ ಕಟ್ಟಿದರು. ಅತ್ತೆ ಸ್ವೆಟರು ಹೆಣೆಯುತ್ತಾರೆ. ಆದರೆ ಹೆಣೆಯುತ್ತಾ ಹೆಣೆಯುತ್ತಾ ನಿದ್ದೆ ಹೋಗುವುದು ಅವರ ಪದ್ಧತಿ. ವಾಚೂ ಅವರ ಜತೆಗೇ ಮಲಗಿತು.

ಕೊನೆಗೆ ನಮ್ಮನೆಯವರು ವಾಚು ಕಟ್ಟಿಕೊಂಡು, ಕೈ ಜೋರಾಗಿ ಬೀಸುತ್ತಾ ಬೀದಿಯಲ್ಲಿ ನಡೆಯತೊಡಗಿದರು. ಎದುರು ಮನೆಯವರು ತಮ್ಮನ್ನೇ ಕರೆದರೆಂದು ಓಡಿ ಬಂದರು. ಒಂದು ಆಟೋ ನಿಂತಿತು. ಅದನ್ನು ಕಳಿಸುವಷ್ಟರಲ್ಲಿ ಇನ್ನೊಂದು ನಿಂತಿತು. ಔಷಧಿ ಅಂಗಡಿಯವರು ಹೊರಗೆ ಬಂದು, "ತೋಳಿಗೇನಾದ್ರೂ ಪೆಟ್ಟಾಯ್ತಾ ಸರ್, ಮುಲಾಮು ಕೊಡ್ಲಾ?" ಎಂದು ಕೇಳಿದರು. ನಾನು ಇದನ್ನೆಲ್ಲ ಅಂಗಡಿಯ ಕಿಟಕಿಯಿಂದ ನೋಡಿ ತುಂಬ ಸಂತೋಷಪಟ್ಟೆ.

ಪೆಚ್ಚು ಮೋರೆ ಹಾಕಿಕೊಂಡು ಅವರು ನನ್ನ ಅಂಗಡಿಯ ಬಾಗಿಲಲ್ಲಿ ಬಂದು ನಿಂತರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಹೋಟೆಲಿನ ಪರದೆಗಳನ್ನು ಮಂಗಳವಾರ ಕೊಡಬೇಕಿತ್ತು. ನನ್ನ ಜತೆ ಕೆಲಸ ಮಾಡುವಾಕೆ ಮಗುವಿಗೆ ಹುಷಾರಿಲ್ಲವೆಂದು ಬಂದಿರಲಿಲ್ಲ.

"ನಿಂಗೆ ಯಾರಾದ್ರೂ ಬೇಕಿತ್ತಾ ಕೆಲಸಕ್ಕೆ?" ಎಂದು ನನ್ನನ್ನು ನೋಡದೆ ಕೇಳಿದರು.

ನನಗೆ ಕಳಿಸಿಬಿಡುವ ಆಸೆಯಾಯಿತು. ಆ ವಾಚು ಓಡಿದಷ್ಟೂ ನನ್ನ ಅಂಗಡಿ ಬಾಗಿಲು ಹಾಕುವುದು ಹತ್ತಿರವಾಗುತ್ತದೆ ಎಂದು ಗೊತ್ತಿತ್ತು. ಆದರೆ ಮೇಜಿನ ಮೇಲೆ ಆಳೆತ್ತರ ಬಟ್ಟೆ ಬಿದ್ದಿತ್ತು. ಒಪ್ಪಿಕೊಂಡ ಕೆಲಸವನ್ನು ಹೊತ್ತಿಗೆ ಸರಿಯಾಗಿ ಕೊಡದೆ ಹೋದರೆ ನನಗೆ ಅನ್ನ ಇಳಿಯುವುದಿಲ್ಲ. ಅಂಗಡಿ ಮುಚ್ಚುವುದೇ ಆದರೆ ಹೆಸರು ಕೆಡಿಸಿಕೊಂಡು ಮುಚ್ಚಲಾರೆ ಎಂದುಕೊಂಡೆ. ಇಸ್ತ್ರಿ ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟೆ.

ಅವರು ಮೊದಲು ಮಾಡಿದ ಕೆಲಸ ಅಂಗೈ ಸುಟ್ಟುಕೊಂಡಿದ್ದು. ಎರಡನೆಯದು ಒಂದು ಲೈನಿಂಗು ಬಟ್ಟೆ ಸುಟ್ಟಿದ್ದು. ಅಂಗೈಗೆ ನೀರು ಹಾಕಿದೆ, ಬಟ್ಟೆಗೆ ಬೈದೆ. ನೆರಿಗೆಯ ಮೇಲೆ ಒತ್ತಬಾರದು, ಉದ್ದಕ್ಕೆ ಎಳೆಯಬೇಕು, ನೀರು ಚಿಮುಕಿಸಿ ತೋಳು ಪೂರ್ತಿ ಚಾಚಬೇಕು ಎಂದು ತೋರಿಸಿದೆ. ಸಂಜೆಯ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಮರುದಿನ ಅವರು ಬರುವುದಿಲ್ಲವೆಂದು ನಾನು ಖಾತ್ರಿ ಮಾಡಿಕೊಂಡಿದ್ದೆ. ಬಂದರು. ಹೆಗಲು ಎತ್ತಲಾಗದೆ ಮುಲುಗುತ್ತಾ, ಆದರೆ ಬಂದರು.

ಆ ದಿನ ನಡು ಮಧ್ಯಾಹ್ನ ಅವರು ಪೆಟ್ಟಿಗೆ ಕೆಳಗಿಟ್ಟು ಕೋಣೆಯನ್ನು ಸುತ್ತಲೂ ನೋಡಿದರು. "ದಿನಾ ಇಷ್ಟು ಕೆಲಸ ಇರುತ್ತಾ ಇಲ್ಲಿ?"

"ದಿನಾ ಇಷ್ಟಿರಲ್ಲ. ಕೆಲವು ದಿನ ಇದಕ್ಕಿಂತ ಜಾಸ್ತಿ."

"ನೀನು ಹೇಳಲೇ ಇಲ್ಲ."

"ಕೈ ನೋಯುತ್ತೆ ಅಂತ ಹೇಳಿದಾಗೆಲ್ಲ ಮುಲಾಮು ಹಚ್ಕೋ ಅಂದಿದ್ದೀರಿ."

ಅವರು ಮತ್ತೆ ಪೆಟ್ಟಿಗೆ ಎತ್ತಿಕೊಂಡರು. ರಜೆಯ ಕೊನೆಯ ದಿನದ ಹೊತ್ತಿಗೆ ಅವರ ಇಸ್ತ್ರಿ ನೋಡುವ ಹಾಗಿತ್ತು. ಮುಗಿಸಿದ ಪ್ರತಿಯೊಂದು ಪರದೆಯನ್ನೂ ಎತ್ತಿ ಹಿಡಿದು, ಹಿಂದೆ ಸರಿದು ನೋಡಿ, "ಇದು ಹೇಗಿದೆ ಹೇಳು" ಎಂದು ಕಾಡುತ್ತಿದ್ದರು. ನಾನು "ಪರವಾಗಿಲ್ಲ" ಎಂದರೆ ಸಾಲದು, "ಚೆನ್ನಾಗಿದೆ" ಎನ್ನುವವರೆಗೂ ಮುಂದಿನದಕ್ಕೆ ಕೈ ಹಾಕುತ್ತಿರಲಿಲ್ಲ. ವಾಚು ಓಡುತ್ತಲೇ ಇತ್ತು. ಅವರು ಅದನ್ನು ಒರೆಸಿ ಒರೆಸಿ ನೋಡಿಕೊಳ್ಳುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಖುಷಿಯೂ ಆಗುತ್ತಿತ್ತು, ಸಂಕಟವೂ ಆಗುತ್ತಿತ್ತು. ಅಂಗಡಿ ಮಾತ್ರ ಮುಚ್ಚುವುದು ನಿಶ್ಚಯ ಎಂದುಕೊಂಡು ಭಾನುವಾರ ಸಂಜೆ ಕತ್ತರಿಗಳನ್ನು ಎಣ್ಣೆ ಹಾಕಿ ಒರೆಸಿಟ್ಟೆ.

ಸೋಮವಾರ ಬೆಳಿಗ್ಗೆ ನಮ್ಮನೆಯವರು ಗರಿಗರಿ ಅಂಗಿ ತೊಟ್ಟು ಆಫೀಸಿಗೆ ಹೋದರು. ಅಂಗಿಗೆ ಇಸ್ತ್ರಿ ತಾವೇ ಮಾಡಿಕೊಂಡಿದ್ದರು. ನಾನು ಅಂಗಡಿಗೆ ಬಂದು ಉಳಿದ ಪರದೆಗಳಿಗೆ ಕೊಕ್ಕೆ ಹಾಕುತ್ತಾ ಕೂತೆ. ಫೋನು ಹೊಡೆದಾಗಲೆಲ್ಲ ಬೆಚ್ಚುತ್ತಿದ್ದೆ. ಅವರಿಗೆ ಸಿಗಬಾರದೆಂದು ಬಯಸುವುದು ಹೆಂಡತಿಯಾದವಳಿಗೆ ತಪ್ಪೆಂದು ಗೊತ್ತಿತ್ತು, ಆದರೂ ಬಯಸಿದೆ. ಮನಸ್ಸು ಬಿಚ್ಚಿ ಬಯಸಿದೆ.

ಮಧ್ಯಾಹ್ನ ಮೂರರ ಸುಮಾರಿಗೆ ಅವರೇ ಬಂದರು. ನಾನು ತಲೆ ಎತ್ತದೆ ಕೊಕ್ಕೆ ಹಾಕುತ್ತಲೇ ಇದ್ದೆ.

"ಊಟ ಇದೆಯಾ?" ಎಂದರು. ಡಬ್ಬಿಯಲ್ಲಿ ಉಳಿದಿದ್ದನ್ನು ಕೊಟ್ಟೆ. ಗಬಗಬನೆ ತಿನ್ನುತ್ತಾ, ಮೀಟಿಂಗಿನಲ್ಲಿ ನಡೆದಿದ್ದನ್ನು ಹೇಳಿದರು.

ಮೀಟಿಂಗು ಹತ್ತು ಗಂಟೆಗೆ. ದೊಡ್ಡೋರು ಹತ್ತಕ್ಕೆ ಸರಿಯಾಗಿ ಒಳಗೆ ಬಂದರು. ರಜೆಯ ಅಷ್ಟೂ ದಿನ ಸಮುದ್ರದ ದಂಡೆಯಲ್ಲಿ ಒರಗು ಕುರ್ಚಿ ಹಾಕಿಸಿಕೊಂಡು ಮಲಗಿದ್ದವರು, ಮುಖ ಚೆನ್ನಾಗಿ ಕಂದಿತ್ತಂತೆ. ಬಂದವರು ಮೇಜಿನ ಮೇಲೆ ಕೈಯಿಟ್ಟು, ತೋಳು ಸರಿಸಿ, ವಾಚು ನೋಡಿದರು. "ಎಂಟೂ ಇಪ್ಪತ್ತು," ಎಂದರು. ಆಮೇಲೆ ಎಲ್ಲರ ಮುಖ ನೋಡಿ ಕಣ್ಣು ತುಂಬಿಕೊಂಡು, "ಇಷ್ಟು ಬೇಗ ಬಂದಿದ್ದೀರಲ್ಲ ಎಲ್ಲರೂ! ನಂಗೆ ಬಹಳ ಸಂತೋಷವಾಯ್ತು," ಎಂದರು.

ಮೇಜಿನ ಕೆಳಗೆ ಸಣ್ಣಗೆ ಕಿರಕಿರ ಸದ್ದು ಶುರುವಾಯಿತು. ಮ್ಯಾನೇಜರುಗಳೆಲ್ಲ ತಮ್ಮ ತಮ್ಮ ವಾಚಿನ ಮುಳ್ಳು ತಿರುಗಿಸುತ್ತಿದ್ದರು. ಅಕೌಂಟ್ಸಿನವರು ಕೈಯಿಟ್ಟು, "ಎಂಟೂ ಇಪ್ಪತ್ತು ಸರ್," ಎಂದರು. ಅವರ ಪಕ್ಕದವರೂ ಅದನ್ನೇ ಎಂದರು. ಸ್ಟೋರಿನವರು ಮಾತ್ರ ಬಹಳ ವಿನಯದಿಂದ, "ನಂದು ಎಂಟೂ ಹತ್ತೊಂಬತ್ತು ಸರ್. ನಾನು ಯಾವಾಗ್ಲೂ ತಮಗಿಂತ ಒಂದು ನಿಮಿಷ ಹಿಂದೆ," ಎಂದರಂತೆ.

"ಆಮೇಲೆ ನೀವು?"

ನಮ್ಮನೆಯವರು ತುತ್ತು ನುಂಗಿದರು. "ಹತ್ತೂ ಐದು ಅಂದೆ."

"ಅಯ್ಯೋ!"

"ನಿಮ್ಮದು ತಪ್ಪಿರಬೇಕು ಅಂದ್ರು. ಇಲ್ಲ ಸರ್, ನಿಮ್ಮದೇ ನಿಂತಿದೆ ಅಂದೆ. ಅವರು ಕೈ ಎತ್ತಿ ಜೋರಾಗಿ ಕೊಡವಿದ್ರು. ವಾಚು ಓಡೋಕೆ ಶುರುವಾಯ್ತು. 'ನೋಡ್ರೀ, ಓಡ್ತಾ ಇದೆಯಲ್ಲ!' ಅಂದ್ರು. ಎಲ್ಲರೂ ಬಗ್ಗಿ ನೋಡಿ, ಹೌದು ಸರ್, ಓಡ್ತಾ ಇದೆ ಸರ್ ಅಂದ್ರು."

ಹುದ್ದೆ ಸ್ಟೋರಿನವರಿಗೆ ಹೋಯಿತು. ನಾಯಿಗೆ ಹೋಯಿತು ಎಂದರೂ ತಪ್ಪಾಗಲಾರದು. ಆ ದಿನ ಆಫೀಸು ಪೂರ್ತಿ ದೊಡ್ಡೋರ ವಾಚಿನ ಪ್ರಕಾರ ನಡೆದು, ಊಟದ ಬಿಡುವು ಇನ್ನೂ ಆಗಿರಲೇ ಇಲ್ಲವಂತೆ. ಹಸಿವು ತಡೆಯಲಾರದೆ ನಮ್ಮನೆಯವರು ಎದ್ದು ಬಂದಿದ್ದರು.

ನನ್ನ ಒಳಗೆ ಯಾರೋ ಕುಣಿಯುತ್ತಿದ್ದರು. ಅದನ್ನು ಮುಖಕ್ಕೆ ಬರದ ಹಾಗೆ ಹಿಡಿದುಕೊಳ್ಳಲು ನೋಡಿದೆ, ಆಗಲಿಲ್ಲ. "ನಂಗೆ ಸಂತೋಷವಾಗ್ತಿದೆ ಕಣ್ರೀ, ಸುಳ್ಳು ಹೇಳಲ್ಲ," ಎಂದುಬಿಟ್ಟೆ. "ಆದ್ರೆ ನೀವು ಯಾಕೆ ಹಾಗೆ ಮಾಡಿದ್ರಿ? ಎಂಟೂ ಇಪ್ಪತ್ತು ಅಂದಿದ್ರೆ ಏನು ಗಂಟು ಹೋಗ್ತಿತ್ತು? ನೀವೇನು ಅಂಥ ಸತ್ಯವಂತರಲ್ಲ."

"ಅಲ್ಲ," ಎಂದು ಅವರೂ ಒಪ್ಪಿಕೊಂಡರು. "ಹೇಳೋಣ ಅಂತಾನೇ ಇದ್ದೆ. ಮುಳ್ಳು ತಿರುಗಿಸೋಕೆ ಕೈನೂ ಹಾಕಿದ್ದೆ." ಡಬ್ಬಿ ಕೆಳಗಿಟ್ಟು ಬಲತೋಳು ಹಿಚುಕಿಕೊಂಡರು. "ತೋಳು ಎತ್ತಿದ್ರೆ ಕಳಕ್ ಅಂತು. ರಜೆ ಪೂರ್ತಿ ನಿಂತ್ಕೊಂಡು, ಕೈ ಸುಟ್ಕೊಂಡು, ನಾನೇ ಓಡಿಸಿದ ವಾಚು ಕಣೇ ಇದು. ಒಂದು ಸಲಾನೂ ನಿಲ್ಲೋಕೆ ಬಿಟ್ಟಿಲ್ಲ. ಯಾರೋ ಒಬ್ರು ಸುಮ್ನೆ ಮಲಗೆದ್ದು ಬಂದು ಹೇಳಿದ್ರು ಅಂತ, ಅಷ್ಟನ್ನೂ ಇಲ್ಲ ಅನ್ನಿಸಿಬಿಡೋಕೆ ಮನಸ್ಸೇ ಬರಲಿಲ್ಲ."

ನಾನು ಕೊಕ್ಕೆ ಹಾಕುವುದನ್ನು ನಿಲ್ಲಿಸಿದೆ. ಅಂದು ಹೇಳಲಾಗದೆ ಉಳಿದಿದ್ದ ಮಾತು ಈಗ ಸಲೀಸಾಗಿ ಬಂತು. ಸಿಟ್ಟೂ ಇರಲಿಲ್ಲ.

"ನಾಲ್ಕು ದಿನದ್ದನ್ನ ಇಲ್ಲ ಅನ್ನಿಸೋಕೆ ನಿಮಗೆ ಮನಸ್ಸು ಬರಲಿಲ್ಲ. ಮದುವೆಯಾದಾಗಿನಿಂದ ಇಲ್ಲಿ ನಿಂತಿದ್ದೀನಿ ನಾನು. ಮುಚ್ಚಿಬಿಡು, ಅದರಲ್ಲೇನಿದೆ ಅಂದ್ರಲ್ಲ."

ನಮ್ಮನೆಯವರು ಮೇಜಿನ ಮೇಲಿದ್ದ ಬಟ್ಟೆ ನೋಡಿದರು, ತಾವು ಇಸ್ತ್ರಿ ಮಾಡಿ ಮಡಿಸಿಟ್ಟ ಪರದೆಗಳನ್ನು ನೋಡಿದರು, ನನ್ನ ಕೈ ನೋಡಿದರು. ಡಬ್ಬಿಯ ಮುಚ್ಚಳ ಹಾಕಿದರು. "ಹಾಗೆ ಅನ್ನಬಾರದಿತ್ತು," ಎಂದರು.

ನನಗೆ ಚೆನ್ನಾಗಿಯೇ ಕೇಳಿಸಿತು. ಆದರೂ ಹೊರಗೆ ಬಸ್ಸಿನ ಸದ್ದಿಗೆ ಕೇಳಿಸಲಿಲ್ಲ ಎಂದು ಸುಳ್ಳು ಹೇಳಿ, ಇನ್ನೊಂದು ಸಲ ಹೇಳಿಸಿದೆ.